ಹೊಸ ಚುಕ್ಕೆ ಕಂಡರೆ ಅದು ಏನು? – ಖಗೋಳ ವಿಜ್ಞಾನಿ ವೈನು ಬಾಪು



ಬಂಗಾರಪೇಟೆ ರೈಲು ನಿಲ್ದಾಣದಿಂದ ಚೆನ್ನೈ ಕಡೆಗೆ ಹೋಗುವ ರೈಲುಗಳನ್ನು ನೀವು ನೋಡಿರುತ್ತೀರಿ. ಅವು ಕುಪ್ಪಂ ದಾಟಿ ಜೋಲಾರಪೇಟೆ ಸೇರುತ್ತವೆ. ಅಲ್ಲಿಂದ ಪೂರ್ವಕ್ಕೆ ಜವಾದಿ ಬೆಟ್ಟಗಳು ಎದ್ದು ನಿಂತಿವೆ. ಆ ಬೆಟ್ಟಗಳ ನಡುವೆ ಕಾವಲೂರು ಎಂಬ ಚಿಕ್ಕ ಹಳ್ಳಿ ಇದೆ. ನಕ್ಷೆಯಲ್ಲಿ ಕೆ.ಜಿ.ಎಫ್.ನಿಂದ ಆಗ್ನೇಯಕ್ಕೆ ಒಂದು ನೇರ ಗೆರೆ ಎಳೆದರೆ ಆ ಹಳ್ಳಿ ಸುಮಾರು 75 ಕಿಲೋಮೀಟರ್ ದೂರದಲ್ಲಿದೆ. ನಮ್ಮ ದೇಶದ ಪ್ರಸಿದ್ಧ ಖಗೋಳ ವೀಕ್ಷಣಾಲಯವೊಂದು ಅಲ್ಲಿದೆ. ಅದರ ಹೆಸರು ವೈನು ಬಾಪು ವೀಕ್ಷಣಾಲಯ. ನಮಗೆ ಇಷ್ಟು ಹತ್ತಿರದಲ್ಲಿರುವ ಈ ವೀಕ್ಷಣಾಲಯಕ್ಕೆ ಯಾರ ಹೆಸರು ಇಟ್ಟಿದ್ದಾರೆ? ಅವರು ಮಾಡಿದ್ದೇನು? ಬನ್ನಿ, ತಿಳಿಯೋಣ.

ಒಂದು ಒಗಟು

ಮೊದಲು ಒಂದು ಒಗಟು ಬಿಡಿಸಿ. ದೂರದ ಒಂದು ಗೆಲಾಕ್ಸಿಯ ಫೋಟೋ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ. ಗೆಲಾಕ್ಸಿ ಎಂದರೆ ಕೋಟಿ ಕೋಟಿ ನಕ್ಷತ್ರಗಳ ಗುಂಪು. ಕಳೆದ ತಿಂಗಳ ಫೋಟೋದಲ್ಲಿ ಇಲ್ಲದ ಒಂದು ಚುಕ್ಕೆ ಈ ತಿಂಗಳ ಫೋಟೋದಲ್ಲಿ ಇದೆ. ಅದು ಏನಿರಬಹುದು?

ಅದು ಫೋಟೋದ ಮೇಲೆ ಕುಳಿತ ಧೂಳಿನ ಕಣವಿರಬಹುದು. ನಮ್ಮ ಸೌರವ್ಯೂಹದ ಒಂದು ಕ್ಷುದ್ರಗ್ರಹವೋ ಧೂಮಕೇತುವೋ ಆ ಗೆಲಾಕ್ಸಿಯ ಮುಂದೆ ಹಾದುಹೋಗುತ್ತಿರಬಹುದು. ನಡುವೆ ಇರುವ ಯಾವುದೋ ನಕ್ಷತ್ರ ತನ್ನ ಬೆಳಕನ್ನು ಹೆಚ್ಚಿಸಿಕೊಂಡಿರಬಹುದು. ಅಥವಾ ಆ ಗೆಲಾಕ್ಸಿಯಲ್ಲೇ ಒಂದು ನಕ್ಷತ್ರ ಸ್ಫೋಟಗೊಂಡಿರಬಹುದು. ಹೀಗೆ ಸ್ಫೋಟಿಸಿ ಕೋಟ್ಯಂತರ ಪಟ್ಟು ಬೆಳಗುವ ನಕ್ಷತ್ರಕ್ಕೆ ಸೂಪರ್‌ನೋವಾ ಎಂದು ಹೆಸರು.

ಬರಿಗಣ್ಣಿಗೆ ಎಲ್ಲವೂ ಒಂದೇ ರೀತಿಯ ಚುಕ್ಕೆ. ಯಾವುದು ಸರಿ ಎಂದು ಹೇಗೆ ತೀರ್ಮಾನಿಸುವುದು? ಊಹೆ ಮಾಡಿದರೆ ಸಾಲದು, ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಕಲೆಹಾಕಲು ನಮ್ಮ ದೇಶದಲ್ಲೇ ಒಳ್ಳೆಯ ದೂರದರ್ಶಕಗಳು ಇರಬೇಕೆಂದು ದುಡಿದವರು ವೈನು ಬಾಪು.

ತಂದೆಯ ಕೆಲಸ, ಮಗನ ಆಸಕ್ತಿ

ಮನಾಲಿ ಕಲ್ಲಟ್ ವೈನು ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಚೆನ್ನೈನಲ್ಲಿ. ಅವರ ಕುಟುಂಬದ ಮೂಲ ಕೇರಳ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ತಂದೆತಾಯಿಗೆ ಇವರು ಒಬ್ಬನೇ ಮಗ. ಬೇರೆ ಮಕ್ಕಳು ಬಯಲಿನಲ್ಲಿ ಆಡುತ್ತಿದ್ದಂತೆ ಈ ಹುಡುಗ ದೂರದರ್ಶಕದ ಸುತ್ತ ಬೆಳೆದ.

ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಅವರು ಬೆಳಕು ಬದಲಾಗುವ ನಕ್ಷತ್ರಗಳನ್ನು ಗಮನಿಸುತ್ತಿದ್ದರು. ಕೆಲವು ನಕ್ಷತ್ರಗಳ ಬೆಳಕು ಒಂದೇ ಸಮನಾಗಿ ಇರುವುದಿಲ್ಲ. ಅದು ಹೆಚ್ಚುತ್ತದೆ, ಕುಗ್ಗುತ್ತದೆ, ಮತ್ತೆ ಹೆಚ್ಚುತ್ತದೆ. ಇವನ್ನು ಚಂಚಲ ತಾರೆಗಳು ಎನ್ನುತ್ತಾರೆ. ರಾತ್ರಿ ರಾತ್ರಿ ಎಚ್ಚರವಿದ್ದು ಅಳೆದು ಬರೆದಿಡುವ ತಾಳ್ಮೆ ಈ ಕೆಲಸಕ್ಕೆ ಬೇಕು.

ಆ ಕಾಲದಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಮುಖ್ಯಸ್ಥ ಹಾರ್ಲೋ ಶೇಪ್ಲಿ ಭಾರತಕ್ಕೆ ಬಂದಿದ್ದರು. ಹೈದರಾಬಾದಿನಲ್ಲಿ ಬಾಪು ಅವರನ್ನು ಕಂಡು ತಮ್ಮ ಆಸಕ್ತಿಯನ್ನು ತಿಳಿಸಿದರು. ಮುಂದೆ ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ದೊರೆತು, 1949ರ ಆರಂಭದಲ್ಲಿ ಬಾಪು ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. ಆಗ ಅವರಿಗೆ 21 ವರ್ಷ.

ಫಲಕದ ಮೇಲೆ ಬಂದ ಅತಿಥಿ

ಆಗ ಈಗಿನಂತೆ ಡಿಜಿಟಲ್ ಕ್ಯಾಮರಾ ಇರಲಿಲ್ಲ. ಗಾಜಿನ ಫಲಕಕ್ಕೆ ಬೆಳಕು ತಾಗಿದರೆ ಬದಲಾಗುವ ರಾಸಾಯನಿಕವನ್ನು ಲೇಪಿಸುತ್ತಿದ್ದರು. ಅದನ್ನು ದೂರದರ್ಶಕಕ್ಕೆ ಜೋಡಿಸಿ ಬಹಳ ಹೊತ್ತು ಆಕಾಶಕ್ಕೆ ತೆರೆದಿಡುತ್ತಿದ್ದರು. ಅನಂತರ ಕತ್ತಲೆ ಕೋಣೆಯಲ್ಲಿ ತೊಳೆದರೆ ನಕ್ಷತ್ರಗಳ ಚಿತ್ರ ಮೂಡುತ್ತಿತ್ತು.

1949ರ ಜುಲೈ 2ರಂದು ಇಂಥ ಒಂದು ಫಲಕದಲ್ಲಿ ಬಾಪು ಒಂದು ವಿಚಿತ್ರ ಗುರುತನ್ನು ಕಂಡರು. ಅದು ಉಳಿದ ನಕ್ಷತ್ರಗಳಂತೆ ಇರಲಿಲ್ಲ. ಅದನ್ನು ಫಲಕದ ದೋಷವೆಂದು ಪಕ್ಕಕ್ಕೆ ಇಡಬಹುದಿತ್ತು. ಬಾಪು ಹಾಗೆ ಮಾಡಲಿಲ್ಲ. ಅವರ ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಜೊತೆ ಸೇರಿ ಪರಿಶೀಲಿಸಿದರು.

ಇಲ್ಲಿ ಮುಖ್ಯ ಪ್ರಶ್ನೆ ಒಂದೇ. ಆ ವಸ್ತು ನಕ್ಷತ್ರಗಳ ನಡುವೆ ಚಲಿಸುತ್ತಿದೆಯೇ? ದೋಷವಾಗಿದ್ದರೆ ಅದು ಇನ್ನೊಂದು ಫಲಕದಲ್ಲಿ ಕಾಣುವುದೇ ಇಲ್ಲ. ದೂರದ ನಿಹಾರಿಕೆಯಾಗಿದ್ದರೆ ಇದ್ದಲ್ಲೇ ಇರುತ್ತದೆ. ಆದರೆ ಈ ವಸ್ತು ಜಾಗ ಬದಲಿಸುತ್ತಿತ್ತು. ಹಾಗಾದರೆ ಅದು ನಮಗೆ ಹತ್ತಿರದ್ದು, ಸೂರ್ಯನನ್ನು ಸುತ್ತುವ ಧೂಮಕೇತು! ಅದಕ್ಕೆ ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎಂದು ಹೆಸರಾಯಿತು. ಅದು ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು 60,000 ವರ್ಷ ಬೇಕೆಂದು ಲೆಕ್ಕ ಹಾಕಿದರು. ಅಮೆರಿಕದ ಪೆಸಿಫಿಕ್ ಖಗೋಳ ಸಂಘ ಈ ಶೋಧಕ್ಕೆ ಡೊನೊಹೊ ಧೂಮಕೇತು ಪದಕವನ್ನು ನೀಡಿತು.

ಗಮನಿಸಿ ಮಕ್ಕಳೇ, ನಮ್ಮ ಒಗಟಿಗೆ ಮೊದಲ ಪರೀಕ್ಷೆ ಇಲ್ಲಿ ಸಿಕ್ಕಿತು. ಹೊಸ ಚುಕ್ಕೆ ಕಂಡರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಫೋಟೋ ತೆಗೆಯಬೇಕು. ಚುಕ್ಕೆ ಮಾಯವಾದರೆ ಅದು ದೋಷವಿರಬಹುದು. ಸರಿದರೆ ಅದು ನಮ್ಮ ಸೌರವ್ಯೂಹದ ವಸ್ತು. ಅಲ್ಲೇ ನಿಂತರೆ ಅದು ಬಹು ದೂರದ್ದು.

ಬೆಳಕನ್ನು ಬಿಡಿಸಿ ನೋಡುವುದು

ಚುಕ್ಕೆ ನಿಂತಲ್ಲೇ ನಿಂತರೆ ಮುಂದೇನು? ಅದಕ್ಕೆ ಎರಡನೆಯ ಪರೀಕ್ಷೆ ಬೇಕು.

ಮಳೆಬಿಲ್ಲನ್ನು ನೋಡಿದ್ದೀರಲ್ಲವೇ? ಬಿಳಿಯ ಬಿಸಿಲು ಏಳು ಬಣ್ಣಗಳಾಗಿ ಬಿಡಿಸಿಕೊಂಡಿರುತ್ತದೆ. ನಕ್ಷತ್ರದ ಬೆಳಕನ್ನೂ ಹೀಗೆಯೇ ಬಿಡಿಸಬಹುದು. ಆಗ ಸಿಗುವ ಬಣ್ಣದ ಪಟ್ಟಿಗೆ ರೋಹಿತ ಎಂದು ಹೆಸರು. ಆ ಪಟ್ಟಿಯ ನಡುವೆ ಗೆರೆಗಳಿರುತ್ತವೆ. ಪ್ರತಿಯೊಂದು ಧಾತುವಿಗೂ ತನ್ನದೇ ಆದ ಗೆರೆಗಳಿವೆ. ಹೈಡ್ರೋಜನ್‌ಗೆ ಒಂದು ಬಗೆ, ಕ್ಯಾಲ್ಸಿಯಂಗೆ ಇನ್ನೊಂದು ಬಗೆ. ನಮ್ಮ ಬೆರಳಚ್ಚು ನಮ್ಮ ಗುರುತು ಹೇಳುವಂತೆ ಈ ಗೆರೆಗಳು ಧಾತುವಿನ ಗುರುತು ಹೇಳುತ್ತವೆ.

ಬಾಪು 1952ರಲ್ಲಿ ಡಾಕ್ಟರೇಟ್ ಪಡೆದರು. ಅನಂತರ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಲ್ಲಿ ಕೆಲಸ ಮಾಡಿದರು. ಅಲ್ಲಿ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಅವರು ತಂಪಾದ ನಕ್ಷತ್ರಗಳ ರೋಹಿತದಲ್ಲಿರುವ ಕ್ಯಾಲ್ಸಿಯಂ ಗೆರೆಗಳನ್ನು ಅಳೆದರು. ಒಂದು ಗೆರೆಯ ನಡುವೆ ಕಾಣುವ ಹೊಳಪಿನ ಅಗಲಕ್ಕೂ ನಕ್ಷತ್ರದ ನಿಜವಾದ ಪ್ರಕಾಶಕ್ಕೂ ಸಂಬಂಧವಿದೆ ಎಂದು ತಿಳಿಯಿತು. 1957ರಲ್ಲಿ ಪ್ರಕಟವಾದ ಈ ಶೋಧಕ್ಕೆ ವಿಲ್ಸನ್–ಬಾಪು ಪರಿಣಾಮ ಎಂದು ಹೆಸರು.

ಇದರಿಂದ ಏನು ಉಪಯೋಗ? ರಾತ್ರಿ ದೂರದಲ್ಲಿ ಒಂದು ದೀಪ ಕಾಣುತ್ತದೆ. ಅದು ಹತ್ತಿರದ ಹಣತೆಯೋ ದೂರದ ಬೀದಿದೀಪವೋ ಹೇಳಲು ಕಷ್ಟ. ಅದು ಬೀದಿದೀಪವೆಂದು ಖಚಿತವಾಗಿ ಗೊತ್ತಾದರೆ ಎಷ್ಟು ದೂರದಲ್ಲಿದೆ ಎಂದು ಅಂದಾಜು ಮಾಡಬಹುದು. ನಕ್ಷತ್ರಗಳ ವಿಷಯವೂ ಹಾಗೆಯೇ. ನಿಜವಾದ ಪ್ರಕಾಶ ತಿಳಿದರೆ ದೂರ ತಿಳಿಯುತ್ತದೆ.

ಇದೇ ಮೌಂಟ್ ವಿಲ್ಸನ್‌ನಲ್ಲಿ 1923ರಲ್ಲಿ ಎಡ್ವಿನ್ ಹಬಲ್ ಎಂಬ ವಿಜ್ಞಾನಿ ಆಂಡ್ರೊಮಿಡಾ ನಿಹಾರಿಕೆಯ ಫಲಕದಲ್ಲಿ ಒಂದು ಹೊಸ ಚುಕ್ಕೆ ಕಂಡಿದ್ದರು. ಮೊದಲು ಅದನ್ನು ತಟ್ಟನೆ ಹೊಳೆದು ಮಂಕಾಗುವ ನೋವಾ ಎಂದು ಗುರುತಿಸಿದರು. ಹಳೆಯ ಫಲಕಗಳ ಜೊತೆ ಹೋಲಿಸಿದಾಗ ಅದು ಪದೇ ಪದೇ ಹೆಚ್ಚಿ ಕುಗ್ಗುವ ಚಂಚಲ ತಾರೆ ಎಂದು ಗೊತ್ತಾಯಿತು. ಹಬಲ್ ಮೊದಲು ಬರೆದ ಗುರುತನ್ನು ಹೊಡೆದುಹಾಕಿ ಹೊಸದನ್ನು ಬರೆದರು. ಆ ತಾರೆಯ ಸಹಾಯದಿಂದ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿನ ಬೇರೆಯೇ ಗೆಲಾಕ್ಸಿ ಎಂದು ಸಿದ್ಧವಾಯಿತು. ಒಂದು ಚುಕ್ಕೆ ಏನೆಂದು ಸರಿಯಾಗಿ ತಿಳಿದದ್ದರಿಂದ ವಿಶ್ವವೇ ದೊಡ್ಡದಾಯಿತು ನೋಡಿ!

ಕತ್ತಲೆಯನ್ನು ಹುಡುಕಿ

ಬಾಪು ಅಮೆರಿಕದಲ್ಲೇ ಉಳಿಯಬಹುದಿತ್ತು. ಜಗತ್ತಿನ ಅತಿ ದೊಡ್ಡ ದೂರದರ್ಶಕಗಳು ಅಲ್ಲಿದ್ದವು. ಆದರೆ ಅವರು 1953ರಲ್ಲಿ ಭಾರತಕ್ಕೆ ಮರಳಿದರು. ಇಲ್ಲಿ ಅಂಥ ದೂರದರ್ಶಕ ಒಂದೂ ಇರಲಿಲ್ಲ.

1954ರಲ್ಲಿ ಅವರು ವಾರಾಣಸಿಯಲ್ಲಿದ್ದ ಉತ್ತರಪ್ರದೇಶ ರಾಜ್ಯ ವೀಕ್ಷಣಾಲಯ ಸೇರಿದರು. ಬಯಲುಸೀಮೆಯ ಧೂಳಿನ ನಡುವೆ ನಕ್ಷತ್ರ ನೋಡುವುದು ಕಷ್ಟ. 1955ರಲ್ಲಿ ವೀಕ್ಷಣಾಲಯ ನೈನಿತಾಲ್ ಬೆಟ್ಟಕ್ಕೆ ಸ್ಥಳಾಂತರವಾಯಿತು. 1960ರಲ್ಲಿ ಬಾಪು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. ಆದರೆ ಮಂಜು, ಮೋಡಗಳಿಂದಾಗಿ ರಾತ್ರಿಯ ವೀಕ್ಷಣೆಗೆ ಅಷ್ಟು ಅನುಕೂಲವಿರಲಿಲ್ಲ.

ಹಾಗಾಗಿ ಅವರು ಹೊಸ ಜಾಗ ಹುಡುಕಿಸಿದರು. ಆ ಜಾಗ ಹೇಗಿರಬೇಕು? ಮೋಡವಿಲ್ಲದ ರಾತ್ರಿಗಳು ಹೆಚ್ಚಿರಬೇಕು. ಪಟ್ಟಣದ ದೀಪಗಳು ದೂರವಿರಬೇಕು. ದಕ್ಷಿಣದ ಆಕಾಶವೂ ಕಾಣಬೇಕು. ಸಮಭಾಜಕ ವೃತ್ತಕ್ಕೆ ಹತ್ತಿರ ಹೋದಷ್ಟೂ ದಕ್ಷಿಣದ ನಕ್ಷತ್ರಗಳು ಹೆಚ್ಚು ಕಾಣುತ್ತವೆ. ಇವೆಲ್ಲ ಸೇರಿದ ಸ್ಥಳವಾಗಿ ಸಿಕ್ಕಿದ್ದು ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಕಾವಲೂರು.

ಕೆ.ಜಿ.ಎಫ್.ನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಶಿವನಸಮುದ್ರದ ವಿದ್ಯುತ್ ನಿಮ್ಮ ಊರಿಗೆ 1902ರಲ್ಲೇ ಬಂತು. ಬೆಂಗಳೂರಿಗಿಂತ ಮೊದಲೇ ಇಲ್ಲಿ ವಿದ್ಯುತ್ ದೀಪ ಬೆಳಗಿತು. ದೀಪ ನಮಗೆ ಬೇಕು. ಆದರೆ ಅದೇ ಬೆಳಕು ಆಕಾಶಕ್ಕೆ ಚೆಲ್ಲಿದರೆ ಮಂಕಾದ ನಕ್ಷತ್ರಗಳು ಮರೆಯಾಗುತ್ತವೆ.

ಇನ್ನೊಂದು ಸಂಗತಿಯೂ ಇದೆ. ವಿಜ್ಞಾನಿಗಳು ಕೆ.ಜಿ.ಎಫ್. ಗಣಿಗೂ ಇಳಿದಿದ್ದರು. ಆಕಾಶದಿಂದ ಬರುವ ನಾನಾ ಬಗೆಯ ಕಣಗಳು ನೆಲದ ಮೇಲೆ ಗದ್ದಲ ಎಬ್ಬಿಸುತ್ತವೆ. ಎರಡು ಕಿಲೋಮೀಟರಿಗಿಂತ ಆಳದಲ್ಲಿ ಆ ಗದ್ದಲ ಬಹಳ ಕಡಿಮೆ. ಅಲ್ಲಿ 1965ರಲ್ಲಿ ಭಾರತ, ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವನ್ನು ಹಿಡಿದರು. ನೆಲದೊಳಗೆ ಅವರು ನಿಶ್ಶಬ್ದವನ್ನು ಹುಡುಕಿದರು. ಬೆಟ್ಟದ ಮೇಲೆ ಬಾಪು ಕತ್ತಲೆಯನ್ನು ಹುಡುಕಿದರು. ಇಬ್ಬರ ಉದ್ದೇಶವೂ ಒಂದೇ, ಬಹಳ ಸಣ್ಣ ಸುಳಿವನ್ನು ಕಳೆದುಕೊಳ್ಳಬಾರದು.

ಕಾವಲೂರಿನ ಮೊದಲ ದಿನಗಳು

1968ರಲ್ಲಿ ಕಾವಲೂರಿನಲ್ಲಿ ಕೆಲಸ ಆರಂಭವಾಯಿತು. ಮೊದಲ ದೂರದರ್ಶಕದ ಕನ್ನಡಿಯ ಅಗಲ ಕೇವಲ 38 ಸೆಂಟಿಮೀಟರ್, ಎಂದರೆ ನಿಮ್ಮ ತರಗತಿಯ ಒಂದು ಅಡಿ ಅಳತೆಪಟ್ಟಿಗಿಂತ ಸ್ವಲ್ಪ ಹೆಚ್ಚು. ಅದನ್ನು ವೀಕ್ಷಣಾಲಯದವರೇ ತಯಾರಿಸಿದ್ದರು. 1972ರಲ್ಲಿ ಒಂದು ಮೀಟರ್ ಅಗಲದ ದೂರದರ್ಶಕ ಬಂತು. ಅದೇ ವರ್ಷದ ಜೂನ್‌ನಲ್ಲಿ ಗುರುಗ್ರಹದ ಗ್ಯಾನಿಮೀಡ್ ಉಪಗ್ರಹ ಒಂದು ನಕ್ಷತ್ರವನ್ನು ಮರೆಮಾಡಿದ್ದನ್ನು ಅಲ್ಲಿಂದ ಗಮನಿಸಿದರು. ಗ್ಯಾನಿಮೀಡ್‌ಗೆ ಬಹಳ ತೆಳುವಾದ ವಾಯುಮಂಡಲ ಇರುವ ಸೂಚನೆ ಸಿಕ್ಕಿತು.

1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾಯುವುದಿತ್ತು. ಕಾವಲೂರಿನವರು ಬಹಳ ಮೊದಲೇ ಅಳತೆ ಆರಂಭಿಸಿದ್ದರು. ಗ್ರಹ ಇನ್ನೂ ನಕ್ಷತ್ರವನ್ನು ಮುಟ್ಟಿರಲಿಲ್ಲ. ಅಷ್ಟರಲ್ಲೇ ನಕ್ಷತ್ರದ ಬೆಳಕು ಕೆಲವು ಕ್ಷಣ ಕುಗ್ಗಿ ಮತ್ತೆ ಮೊದಲಿನಂತಾಯಿತು. ಏನು ಅಡ್ಡ ಬಂತು? ಮೊದಲು ಅದೊಂದು ಹೊಸ ಉಪಗ್ರಹವೆಂದು ಭಾವಿಸಿದರು. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ಹಾರಿ ಮಾಡಿದ ವೀಕ್ಷಣೆಯಲ್ಲಿ ಗ್ರಹದ ಎರಡೂ ಬದಿಯಲ್ಲಿ ಅಂಥ ಕುಗ್ಗುವಿಕೆ ಕಂಡಿತ್ತು. ಒಂದು ಉಪಗ್ರಹದಿಂದ ಹಾಗೆ ಆಗದು. ಯುರೇನಸ್‌ನ ಸುತ್ತ ಉಂಗುರಗಳಿವೆ ಎಂದು ಗೊತ್ತಾಯಿತು. ಬಾಪು ಮತ್ತು ಅವರ ಸಹೋದ್ಯೋಗಿ ಜೆ.ಸಿ. ಭಟ್ಟಾಚಾರ್ಯ ಕಾವಲೂರಿನ ಅಳತೆಗಳನ್ನು ಮತ್ತೆ ಪರಿಶೀಲಿಸಿ, ಅದೇ ವರ್ಷ ಉಂಗುರಗಳ ಬಗ್ಗೆ ಲೇಖನ ಪ್ರಕಟಿಸಿದರು. ಸಾಕ್ಷಿ ಬದಲಾದರೆ ಅಭಿಪ್ರಾಯ ಬದಲಿಸಿಕೊಳ್ಳುವುದು ವಿಜ್ಞಾನದ ದಾರಿ.

ನೋಡಲಾಗದ ದೂರದರ್ಶಕ

1971ರಲ್ಲಿ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ ಸ್ವತಂತ್ರ ಸಂಸ್ಥೆಯಾಯಿತು. ಬಾಪು ಅದರ ನಿರ್ದೇಶಕರು. ಮುಂದೆ ಅದರ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. ಬಾಪು ಅವರಿಗೆ ಒಂದು ದೊಡ್ಡ ಆಸೆ ಇತ್ತು. ದೊಡ್ಡ ದೂರದರ್ಶಕವನ್ನು ಹೊರದೇಶದಿಂದ ಕೊಳ್ಳುವ ಬದಲು ಭಾರತದಲ್ಲೇ ವಿನ್ಯಾಸ ಮಾಡಿ ಭಾರತದಲ್ಲೇ ಕಟ್ಟಬೇಕು. ಕನ್ನಡಿಯ ಅಗಲ 2.34 ಮೀಟರ್, ಎಂದರೆ ಏಳೂವರೆ ಅಡಿಗಿಂತ ಹೆಚ್ಚು. ಅಷ್ಟು ದೊಡ್ಡ ಗಾಜನ್ನು ಕೂದಲೆಳೆಯಷ್ಟೂ ತಪ್ಪಿಲ್ಲದೆ ತೇಯ್ದು ನಯಗೊಳಿಸಬೇಕು. ಆ ಕೆಲಸ ಬೆಂಗಳೂರಿನಲ್ಲೇ ವರ್ಷಗಟ್ಟಲೆ ನಡೆಯಿತು. ಅದನ್ನು ಹೊರುವ ಭಾರವಾದ ಯಂತ್ರಭಾಗಗಳು ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ ತಯಾರಾದವು.

1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಸಂಘದ ಅಧ್ಯಕ್ಷರಾದರು. ಈ ಸ್ಥಾನಕ್ಕೆ ಏರಿದ ಮೊದಲ ಭಾರತೀಯ ಅವರು. 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ಆದರೆ ಅವರ ಹೃದಯದ ಆರೋಗ್ಯ ಕೆಟ್ಟಿತ್ತು. 1982ರ ಆಗಸ್ಟ್‌ನಲ್ಲಿ ಸಂಘದ ಮಹಾಸಭೆ ಗ್ರೀಸ್ ದೇಶದಲ್ಲಿ ನಡೆಯುತ್ತಿತ್ತು. ಅದರ ಅಧ್ಯಕ್ಷರು ಜರ್ಮನಿಯ ಮ್ಯೂನಿಕ್‌ನ ಆಸ್ಪತ್ರೆಯಲ್ಲಿದ್ದರು. ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆಗಸ್ಟ್ 19ರಂದು ಬಾಪು ತೀರಿಕೊಂಡರು. ಆಗ ಅವರಿಗೆ 55 ವರ್ಷ.

ದೊಡ್ಡ ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ಸಹೋದ್ಯೋಗಿಗಳು ಕೆಲಸ ನಿಲ್ಲಿಸಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಅದನ್ನು ಉದ್ಘಾಟಿಸಿದರು. ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ವೈನು ಬಾಪು ಅವರ ಹೆಸರಿಟ್ಟರು. ಅದರ ಮೂಲಕ ಒಂದು ರಾತ್ರಿಯೂ ಆಕಾಶ ನೋಡುವ ಭಾಗ್ಯ ಬಾಪು ಅವರಿಗೆ ಇರಲಿಲ್ಲ.

ಸ್ಫೋಟಗೊಂಡ ನಕ್ಷತ್ರಗಳು

ಮರುವರ್ಷವೇ, 1987ರ ಫೆಬ್ರವರಿಯಲ್ಲಿ, ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಲ್ಲಿ ಒಂದು ಹೊಸ ಚುಕ್ಕೆ ಬೆಳಗಿತು. ಅದರ ಹೆಸರು ದೊಡ್ಡ ಮೆಜೆಲ್ಲನ್ ಮೋಡ. ದೂರ ಸುಮಾರು 1 ಲಕ್ಷ 60 ಸಾವಿರ ಜ್ಯೋತಿರ್ವರ್ಷ. ಒಂದು ವರ್ಷದಲ್ಲಿ ಬೆಳಕು ಸಾಗುವ ದೂರವೇ ಒಂದು ಜ್ಯೋತಿರ್ವರ್ಷ. 1604ರ ನಂತರ ಬರಿಗಣ್ಣಿಗೆ ಸ್ಪಷ್ಟವಾಗಿ ಕಂಡ ಮೊದಲ ಸೂಪರ್‌ನೋವಾ ಅದು. ಆ ಗೆಲಾಕ್ಸಿ ದಕ್ಷಿಣದ ಅಂಚಿನಲ್ಲಿದೆ. ಉತ್ತರ ಭಾರತದಿಂದ ಕಾಣುವುದೇ ಇಲ್ಲ. ಆದರೆ ಕಾವಲೂರಿನಿಂದ ಕ್ಷಿತಿಜದ ಸ್ವಲ್ಪ ಮೇಲೆ ಕಾಣುತ್ತದೆ. ಅಲ್ಲಿನ ವಿಜ್ಞಾನಿಗಳು ಅದರ ರೋಹಿತ ತೆಗೆದರು. ಬಾಪು ದಕ್ಷಿಣದ ಆಕಾಶ ಕಾಣುವ ಜಾಗ ಬೇಕೆಂದಿದ್ದು ಎಷ್ಟು ಸರಿಯಾಯಿತು!

ಆ ರೋಹಿತದಲ್ಲಿ ಹೈಡ್ರೋಜನ್ ಗೆರೆಗಳಿದ್ದವು. ಹಾಗಾಗಿ ಸ್ಫೋಟಿಸಿದ್ದು ಸೂರ್ಯನಿಗಿಂತ ಬಹಳ ಭಾರವಾದ ನಕ್ಷತ್ರ ಎಂದು ತಿಳಿಯಿತು. ಹಳೆಯ ಫೋಟೋಗಳಲ್ಲಿ ಆ ಜಾಗದಲ್ಲಿದ್ದ ನಕ್ಷತ್ರವೂ ಪತ್ತೆಯಾಯಿತು. ಜಪಾನಿನ ಕಮಿಯೋಕಾ ಗಣಿಯೊಳಗಿನ ನೀರಿನ ತೊಟ್ಟಿಯಲ್ಲಿ ಆ ಸ್ಫೋಟದ ಬೆರಳೆಣಿಕೆಯಷ್ಟು ನ್ಯೂಟ್ರಿನೊಗಳೂ ಸಿಕ್ಕವು. ಗಣಿ ಮತ್ತು ಬೆಟ್ಟ, ಎರಡೂ ಕಡೆಯ ಸಾಕ್ಷಿ ಒಂದೇ ಮಾತು ಹೇಳಿತು.

2014ರ ಜನವರಿ 21ರಂದು ಲಂಡನ್ನಿನಲ್ಲಿ ಒಬ್ಬ ಅಧ್ಯಾಪಕರು ವಿದ್ಯಾರ್ಥಿಗಳಿಗೆ ದೂರದರ್ಶಕ ಬಳಸುವುದನ್ನು ಕಲಿಸುತ್ತಿದ್ದರು. ಎಂ 82 ಎಂಬ ಗೆಲಾಕ್ಸಿಯಲ್ಲಿ ಒಂದು ಹೊಸ ಚುಕ್ಕೆ ಕಂಡಿತು. ಅದು ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ. ಅವರೂ ನಿಮ್ಮಂತೆಯೇ ಕೇಳಿದರು, ಇದು ದೋಷವೇ, ಕ್ಷುದ್ರಗ್ರಹವೇ? ಬೇರೊಂದು ದೂರದರ್ಶಕದಿಂದ ನೋಡಿದಾಗಲೂ ಚುಕ್ಕೆ ಅಲ್ಲೇ ಇತ್ತು. ಅದರ ರೋಹಿತದಲ್ಲಿ ಹೈಡ್ರೋಜನ್ ಇರಲಿಲ್ಲ, ಸಿಲಿಕಾನ್ ಗುರುತು ಇತ್ತು. ಹಾಗಾದರೆ ಸ್ಫೋಟಿಸಿದ್ದು ಶ್ವೇತ ಕುಬ್ಜ ಎಂಬ ಪುಟ್ಟ, ಸಾಂದ್ರವಾದ ನಕ್ಷತ್ರ.

ಈ ಸೂಪರ್‌ನೋವಾವನ್ನು ಲಡಾಖ್‌ನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕದಿಂದಲೂ ಅನೇಕ ರಾತ್ರಿ ಗಮನಿಸಿದರು. ಹಾನ್ಲೆ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಆ ದೂರದರ್ಶಕವನ್ನು ನಡೆಸುವ ಕೇಂದ್ರ ಎಲ್ಲಿದೆ ಗೊತ್ತೇ? ನಮ್ಮ ಹೊಸಕೋಟೆಯಲ್ಲಿ! ಕೃತಕ ಉಪಗ್ರಹದ ಸಂಪರ್ಕದ ಮೂಲಕ ಅಲ್ಲಿಂದಲೇ ಅದನ್ನು ತಿರುಗಿಸುತ್ತಾರೆ. ಅದು ಬಾಪು ಕಟ್ಟಿ ಬೆಳೆಸಿದ ಸಂಸ್ಥೆಯದೇ ಕೇಂದ್ರ. ಕೋಲಾರದಿಂದ ಬೆಂಗಳೂರಿಗೆ ಹೋಗುವಾಗ ಹೊಸಕೋಟೆ ಬಂದರೆ ಇದನ್ನು ನೆನಪಿಸಿಕೊಳ್ಳಿ.

ನೀವೂ ಮಾಡಿ ನೋಡಿ

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಾತ್ರಿ ಎಂಟರ ಹೊತ್ತಿಗೆ ಮಹಾವ್ಯಾಧ ನಕ್ಷತ್ರಪುಂಜ ಚೆನ್ನಾಗಿ ಕಾಣುತ್ತದೆ. ನಡುವೆ ಸಾಲಾಗಿ ಮೂರು ನಕ್ಷತ್ರ, ಸುತ್ತ ನಾಲ್ಕು ನಕ್ಷತ್ರ. ಮನೆಯ ಹಿರಿಯರ ಜೊತೆ ಅಂಗಳದಲ್ಲಿ ನಿಂತು ನೋಡಿ.

1. ಸುತ್ತಲಿನ ನಾಲ್ಕು ನಕ್ಷತ್ರಗಳ ಒಳಗೆ ನಿಮಗೆ ಎಷ್ಟು ನಕ್ಷತ್ರ ಕಾಣುತ್ತವೆ? ಎಣಿಸಿ ಬರೆಯಿರಿ. ರಾಬರ್ಟ್‌ಸನ್‌ಪೇಟೆಯ ಬೀದಿದೀಪದ ಹತ್ತಿರ ಇರುವವರು ಮತ್ತು ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಇರುವವರು ತಮ್ಮ ಸಂಖ್ಯೆಗಳನ್ನು ಹೋಲಿಸಿ. ಯಾರಿಗೆ ಹೆಚ್ಚು ಕಂಡವು? ಏಕೆ?

2. ಕಂಡ ನಕ್ಷತ್ರಗಳನ್ನೆಲ್ಲ ಕಾಗದದ ಮೇಲೆ ಚುಕ್ಕೆ ಇಟ್ಟು ಗುರುತಿಸಿ. ದಿನಾಂಕ ಮತ್ತು ಸಮಯ ಬರೆಯಿರಿ. ಒಂದು ವಾರದ ನಂತರ ಮತ್ತೆ ಬರೆಯಿರಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ.

3. ಆ ಹೊತ್ತಿನಲ್ಲಿ ಆಕಾಶದಲ್ಲಿ ಯಾವುದಾದರೂ ಗ್ರಹವಿದ್ದರೆ ಅದರ ಸುತ್ತಲಿನ ನಕ್ಷತ್ರಗಳನ್ನೂ ಹೀಗೆಯೇ ಬರೆಯಿರಿ. ವಾರಗಳು ಕಳೆದಂತೆ ಯಾವ ಚುಕ್ಕೆ ಜಾಗ ಬದಲಿಸಿತು?

ಚಿತ್ರದಲ್ಲಿ ಹೊಸ ಚುಕ್ಕೆ ಕಂಡರೆ ಕೂಡಲೇ ಹೆಸರಿಡಬೇಡಿ. ಮರುದಿನ ಮತ್ತೆ ನೋಡಿ. ಗೆಳೆಯರಿಗೂ ಅದು ಕಾಣುತ್ತಿದೆಯೇ ಕೇಳಿ. ಹಳೆಯ ಚಿತ್ರವನ್ನು ಹರಿದು ಎಸೆಯದೆ ಇಟ್ಟುಕೊಳ್ಳಿ. ನಿಮ್ಮ ಪುಸ್ತಕವನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ ಚರ್ಚಿಸಿ.